ಕವಿಗಳ ಬೆನ್ನಿಗೆ ನಿಂತ ವೆಂಕಣ್ಣಯ್ಯ

ಶ್ರೀರಾಂಪುರ, ಹೊಸದುರ್ಗದ ಓದುಗರಿಗೆ ಕಾದಂಬರಿಕಾರ ತ.ರಾ.ಸು. ಚೆನ್ನಾಗಿ ಗೊತ್ತು. ಅದೇ ಮನೆತನದ ಹಿರಿಯರಾದ ಟಿ.ಎಸ್. ವೆಂಕಣ್ಣಯ್ಯನವರ (1885–1939) ಹೆಸರು ಮಾತ್ರ ನಮ್ಮ ಜಿಲ್ಲೆಯಲ್ಲೇ ಅಪರೂಪಕ್ಕೆ ಕೇಳಿಬರುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನವರು, ಮೈಸೂರಿನ ಮಹಾರಾಜ ಕಾಲೇಜಿನ ಕನ್ನಡ ಪ್ರಾಧ್ಯಾಪಕರು. ತಾವು ಬರೆದದ್ದಕ್ಕಿಂತ ಬೇರೆಯವರಿಂದ ಬರೆಸಿದ್ದು, ಹಳೆಯ ಕವಿಗಳನ್ನು ಓದಿಸಿದ್ದು ಹೆಚ್ಚು. ಹಾಗಾಗಿ ಸಾಹಿತ್ಯ ಚರಿತ್ರೆ ಅವರಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಸಾಗುತ್ತದೆ.

ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆಗೂಡಿ ಅವರು ಸಂಪಾದಿಸಿದ 'ಹರಿಶ್ಚಂದ್ರ ಕಾವ್ಯ ಸಂಗ್ರಹ'ವನ್ನೇ ನೋಡಿ. ರಾಘವಾಂಕನ ಷಟ್ಪದಿಗಳನ್ನು ಆಯ್ದು, ಕಥೆಯ ಎಳೆ ಕಡಿಯದಂತೆ ಜೋಡಿಸಿದ ಪುಸ್ತಕವದು. ಪಂಡಿತರ ವಲಯದಲ್ಲಿದ್ದ ಕಾವ್ಯ ತರಗತಿಗೂ ಸಾಮಾನ್ಯ ಓದುಗರಿಗೂ ಬಂತು. ಇದು ದೊಡ್ಡ ಗಳಿಕೆ.

ಆದರೆ ಸಂಗ್ರಹಕ್ಕೆ ಅದರದೇ ಮಿತಿಯಿದೆ. ರಾಘವಾಂಕನ ಬಲವಿರುವುದು ವಾದದ ಓಟದಲ್ಲಿ. ಕೀಳು ಕುಲದವರೆನಿಸಿಕೊಂಡ ಗಾನರಾಣಿಯರು ಹರಿಶ್ಚಂದ್ರನನ್ನು ಎದುರಿಸುವ ಸಂದರ್ಭವನ್ನು ನೆನೆಯಿರಿ. ನಮ್ಮ ಹಾಡನ್ನು ಕಿವಿ ಕೇಳಿತು, ರೂಪವನ್ನು ಕಣ್ಣು ಕಂಡಿತು, ಮುಟ್ಟುವುದಕ್ಕೆ ಮಾತ್ರ ಮೈಲಿಗೆ ಹೇಗೆ ಎಂದು ಅವರು ರಾಜನನ್ನು ಕೇಳುತ್ತಾರೆ. ಪ್ರತಿ ಉತ್ತರಕ್ಕೂ ಅಲ್ಲಿ ಮರುಪ್ರಶ್ನೆ ಕಾದಿರುತ್ತದೆ. ಇಂಥ ಕಡೆ ಒಂದು ಪದ್ಯ ಬಿಟ್ಟರೂ ವಾದದ ಬಿಗಿ ಸಡಿಲುತ್ತದೆ. ಸಂಗ್ರಹವನ್ನೇ ಪೂರ್ಣಕಾವ್ಯವೆಂದು ಬಗೆದು ಅಲ್ಲಿಗೇ ನಿಲ್ಲುವ ನಮ್ಮ ಓದಿನ ರೂಢಿ ರಾಘವಾಂಕನಿಗೂ ಸಂಪಾದಕರಿಗೂ ಅನ್ಯಾಯ ಮಾಡಿದೆ.

ಕವಿಯ ಹಿಂದೆ ಮರೆಯಾಗುವ ಸಂಪಾದಕರ ಈ ಪಾಡು ನಮ್ಮಲ್ಲಷ್ಟೇ ಅಲ್ಲ. ಪೋರ್ಚುಗಲ್‌ನ ಕವಿ ಲೂಯಿಸ್ ದ ಮೊಂತಾಲ್ವೊರ್ 1915ರಲ್ಲಿ, ಬ್ರೆಜಿಲ್‌ನ ರೊನಾಲ್ಡ್ ದ ಕರ್ವಾಲ್ಯೊ ಜೊತೆ 'ಆರ್ಫೆಯು' ಪತ್ರಿಕೆಯ ಮೊದಲ ಸಂಚಿಕೆಯನ್ನು ನಿರ್ದೇಶಿಸಿದ. ಪೋರ್ಚುಗೀಸ್ ಭಾಷೆಯ ಆಧುನಿಕ ಕಾವ್ಯ ಕಣ್ಣು ಬಿಟ್ಟದ್ದು ಅಲ್ಲಿ. ಫೆರ್ನಾಂದು ಪೆಸ್ಸೋವ ತೀರಿಕೊಂಡ ಮೇಲೆ ಅವನ ಕವಿತೆಗಳನ್ನು 1942ರಿಂದ ತನ್ನ 'ಆಟಿಕಾ' ಪ್ರಕಾಶನದಿಂದ ಹೊರತಂದವನೂ ಅವನೇ. ಪೆಸ್ಸೋವ ಇಂದು ಜಗತ್ಪ್ರಸಿದ್ಧ. ಮೊಂತಾಲ್ವೊರ್ ಬಲ್ಲವರಿಗಷ್ಟೇ ಗೊತ್ತು.

ವೆಂಕಣ್ಣಯ್ಯನವರ ಬೆಲೆಯನ್ನು ಸರಿಯಾಗಿ ಕಟ್ಟಿದವರು ಅವರ ಶಿಷ್ಯ ಕುವೆಂಪು. ಗುರುಗಳು ತೀರಿಕೊಂಡು ವರ್ಷಗಳಾದ ಮೇಲೆ ಮುಗಿದ 'ಶ್ರೀ ರಾಮಾಯಣ ದರ್ಶನಂ' ಅವರಿಗೇ ಅರ್ಪಿತವಾಗಿದೆ. ಒಳ್ಳೆಯ ಕವಿತೆಯನ್ನು ಗುರುತಿಸಿ ಓದುಗರ ಕೈಗಿಡುವುದೂ ಸಾಹಿತ್ಯ ಸೃಷ್ಟಿಯೇ. ಆ ಅಳತೆಯಲ್ಲಿ ವೆಂಕಣ್ಣಯ್ಯನವರು ನವೋದಯದ ಮೊದಲ ಸಾಲಿನವರು. ನಮ್ಮ ಜಿಲ್ಲೆಯ ಶಾಲೆ, ಗ್ರಂಥಾಲಯಗಳು ಅವರ ಸಂಗ್ರಹವನ್ನೂ ರಾಘವಾಂಕನ ಪೂರ್ಣಕಾವ್ಯವನ್ನೂ ಒಟ್ಟಿಗೆ ತರಿಸಿಡಲಿ. ಮೇಷ್ಟರುಗಳು ಎರಡನ್ನೂ ಮಕ್ಕಳಿಂದ ಓದಿಸಲಿ.