ನಾಲ್ಕು ಸಾಲಿನ ಆಳು

ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು, ಹೆಸರಿನ ಕೊನೆಗೆ ‘.ಬ್ಯಾಟ್’ ಅಂಟಿಸಿ ಉಳಿಸಿದರೆ ಆಯಿತು. ಡಬಲ್ ಕ್ಲಿಕ್ ಮಾಡಿದೊಡನೆ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಆ ಸಾಲುಗಳು ನನ್ನ ಫೈಲುಗಳ ಗಾತ್ರ, ಸಮಯ ಹೋಲಿಸಿ, ಬದಲಾದವನ್ನಷ್ಟೇ ಹೆಕ್ಕಿ ಪೆನ್‌ಡ್ರೈವಿಗೆ ಸಾಗಿಸುತ್ತವೆ. ಬಿಳಿ ಅಕ್ಷರಗಳು ಸರಸರನೆ ಮೇಲೇರುವುದನ್ನು ನೋಡುತ್ತ ಕೂರುವುದು ನನಗೆ ಕಣದಲ್ಲಿ ರಾಗಿ ತೂರುವುದನ್ನು ನೋಡಿದಷ್ಟೇ ಹಿತ.

ಇಲ್ಲಿ ನಿಜವಾಗಿ ದುಡಿಯುವುದು ‘ರೋಬೋಕಾಪಿ’ ಎಂಬ, ಫೈಲು ನಕಲಿಸುವ ಆಜ್ಞೆ. ಮೊದಲು ವಿಂಡೋಸ್ ಎನ್‌ಟಿಯ ರಿಸೋರ್ಸ್ ಕಿಟ್‌ನಲ್ಲಿ ಬೇರೆಯಾಗಿ ಸಿಗುತ್ತಿತ್ತು; ವಿಸ್ಟಾದಿಂದೀಚೆಗೆ ವಿಂಡೋಸ್ ಜೊತೆಗೇ ಬರುತ್ತದೆ. ಅದರ ಹಟ ನೋಡಬೇಕು! ಒಂದು ಫೈಲು ನಕಲಾಗದಿದ್ದರೆ 30 ಸೆಕೆಂಡು ಕಾದು ಮತ್ತೆ ಯತ್ನಿಸುತ್ತದೆ. ನಾವು ತಡೆಯದಿದ್ದರೆ ಹೀಗೆ 10 ಲಕ್ಷ ಸಲ. ಲೆಕ್ಕ ಹಾಕಿದೆ, ಹತ್ತಿರ ಹತ್ತಿರ ಒಂದು ವರ್ಷ. ಅದಕ್ಕೇ ‘/ಆರ್:2 /ಡಬ್ಲ್ಯೂ:5’, ಅಂದರೆ ಐದೈದು ಸೆಕೆಂಡು ಕಾದು ಎರಡೇ ಸಲ ಮರುಯತ್ನ, ಎಂದು ಲಗಾಮು ಹಾಕುವುದು.

‘/ಎಂಐಆರ್’ ಎಂದರೆ ಕನ್ನಡಿ: ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಉಳಿಸದು. ಒಮ್ಮೆ ಮೂಲ, ನಕಲು ಎರಡರ ಜಾಗಗಳನ್ನೂ ಅದಲುಬದಲು ಬರೆದು ಒಂದು ವಾರದ ಬರಹ ಕಳೆದುಕೊಂಡೆ. ಅದೇನು ಮಾಡೀತು ಪಾಪ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಈಗ ಮೊದಲು ‘/ಎಲ್’ ಸೇರಿಸಿ, ಯಾವ ಫೈಲನ್ನೂ ಮುಟ್ಟಗೊಡದೆ, ಏನೇನು ಮಾಡಲಿದೆಯೆಂದು ಬಾಯಿಬಿಡಿಸುತ್ತೇನೆ.

ಕೊನೆಯ ಸಾಲು ‘ಪಾಝ್’. ಅದಿಲ್ಲದಿದ್ದರೆ ರೋಬೋಕಾಪಿ ಕೊನೆಗೆ ತೋರಿಸುವ ಲೆಕ್ಕಪಟ್ಟಿ ಓದುವ ಮೊದಲೇ ಕಿಟಕಿ ಮುಚ್ಚಿಕೊಳ್ಳುತ್ತದೆ. ‘ಫೇಲ್ಡ್’ ಕೆಳಗೆ ಸಾಲಾಗಿ ಸೊನ್ನೆ ಕಂಡ ಮೇಲೆಯೇ ಪೆನ್‌ಡ್ರೈವ್ ತೆಗೆದು, ಗುಂಡಿ-ದಾರ ಇಡುವ ಹಳೆಯ ಬಿಸ್ಕತ್ ಡಬ್ಬಿಗೆ ಹಾಕುತ್ತೇನೆ.