ಮುದುಕಿಯ ಕೊರಳಿನ ಶಿಲುಬೆ

1990ರ ದಶಕದ ಒಂದು ಬೇಸಿಗೆ. ಗುರುಮಠದ ರಜೆಯಲ್ಲಿ ಕೋಗಳಿಯ ಪರಿಚಿತರ ಮನೆಗೆ ಹೋಗಿದ್ದೆ. ಬೀದಿಯ ಹಲವು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ನೆಂಟರ ದನಿಯಲ್ಲಿ ಕೂಗುವ ದೆವ್ವವು ಅದನ್ನೋದಿ ಹಿಂದಿರುಗುತ್ತದೆಂಬ ನಂಬಿಕೆ ಆಗ ಕರ್ನಾಟಕದ ಅನೇಕ ಊರುಗಳಲ್ಲಿ ಹಬ್ಬಿತ್ತು. ನನ್ನ ಚೀಲದಲ್ಲಿದ್ದದ್ದು ಬ್ರಾಮ್ ಸ್ಟೋಕರನ ‘ಡ್ರಾಕುಲಾ’. ಮನೆಯವರಲ್ಲೊಬ್ಬರು ಮೊದಲು ಒಳಗೆ ಕರೆಯದ ಹೊರತು ರಕ್ತಪಿಶಾಚಿ ಹೊಸ್ತಿಲು ದಾಟಲಾರದು ಎಂಬ ಮಾತು ಅದರಲ್ಲಿ ಬಂದಾಗ ಆ ಬಾಗಿಲುಗಳ ನೆನಪಾಗಿ ನಗು ಬಂತು. ಲಾಟೀನು ಆರಿಸಲು ಮಾತ್ರ ಧೈರ್ಯ ಬರಲಿಲ್ಲ.

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, 1897ರಲ್ಲಿ, ಪ್ರಕಟವಾದ ಈ ಕಾದಂಬರಿ ದಿನಚರಿ, ಪತ್ರ, ತಂತಿಗಳ ಮೂಲಕವೇ ಸಾಗುತ್ತದೆ. ಟೈಪ್‌ರೈಟರು, ಫೋನೋಗ್ರಾಫು, ರಕ್ತ ಕೊಡುವ ವೈದ್ಯರು ಎಲ್ಲ ಇರುವ ಕಾಲಕ್ಕೆ ಹಳೆಯ ಭಯವೊಂದು ಹಡಗೇರಿ ಬರುತ್ತದೆ. ಜೊನಾಥನ್ ಹಾರ್ಕರ್ ಕೋಟೆಯಲ್ಲಿ ಸೆರೆಯಾಗುವ ಮೊದಲ ನಾಲ್ಕು ಅಧ್ಯಾಯಗಳಿಗೆ ಸಾಟಿಯಿಲ್ಲ. ನಡುಭಾಗ ಎಳೆದಂತಿದೆ, ಪ್ರೊಫೆಸರ್ ವಾನ್ ಹೆಲ್ಸಿಂಗನ ಉಪದೇಶಗಳು ನಮ್ಮ ಕೆಲವು ಪ್ರಬೋಧನೆಗಳಷ್ಟೇ ದೀರ್ಘ.

ಕೋಟೆಗೆ ಹೊರಡುವ ಮುನ್ನ ವಸತಿಗೃಹದ ಮುದುಕಿಯೊಬ್ಬಳು ಮೊಣಕಾಲೂರಿ ಹಾರ್ಕರನನ್ನು ತಡೆಯುತ್ತಾಳೆ. ಅವನು ಕೇಳದಿದ್ದಾಗ ತನ್ನ ಕೊರಳಿನ ಶಿಲುಬೆಯನ್ನು ತೆಗೆದು, ಅವನ ತಾಯಿಯ ಹೆಸರು ಹೇಳಿ, ಅವನ ಕೊರಳಿಗೆ ಹಾಕುತ್ತಾಳೆ. ಇಂಥವು ವಿಗ್ರಹಾರಾಧನೆಯೆಂದು ಕಲಿತು ಬೆಳೆದ ಆಂಗ್ಲಿಕನ್ ತರುಣ ಅವನು. ಮುದುಕಿಯ ಮನಸ್ಸು ನೋಯಬಾರದೆಂದಷ್ಟೇ ಸ್ವೀಕರಿಸುತ್ತಾನೆ. ಮುಂದೆ ಏಕಾಂತದಲ್ಲಿ ಅದನ್ನು ಮುಟ್ಟಿದಾಗ ನೆಮ್ಮದಿ ಸಿಗುತ್ತದೆ. ಆ ಬಲ ವಸ್ತುವಿನಲ್ಲಿಯೇ ಇದೆಯೋ, ಅದು ಹೊತ್ತು ತಂದ ಕನಿಕರದ ನೆನಪಿನಲ್ಲಿದೆಯೋ ಎಂದು ಯೋಚಿಸುತ್ತಾನೆ. ಈ ಪ್ರಶ್ನೆಯನ್ನು ಸ್ಟೋಕರ್ ಕೊನೆಯವರೆಗೂ ಬೆಳೆಸಿದ್ದರೆ ಪುಸ್ತಕದ ತೂಕವೇ ಬೇರೆಯಾಗುತ್ತಿತ್ತು.

ಆದರೆ ವಾನ್ ಹೆಲ್ಸಿಂಗ್ ಪವಿತ್ರ ಪರಮಪ್ರಸಾದವನ್ನು ಪುಡಿಮಾಡಿ, ಕಣಕದೊಡನೆ ಕಲಸಿ, ಸಮಾಧಿಯ ಬಿರುಕುಗಳನ್ನು ಮುಚ್ಚುತ್ತಾನೆ. ತನ್ನಲ್ಲಿ ‘ಇಂಡಲ್ಜೆನ್ಸ್’ ಇದೆಯೆಂಬುದು ಅವನ ಸಮಜಾಯಿಷಿ. ಕ್ಷಮೆ ಪಡೆದ ಪಾಪಕ್ಕೆ ಉಳಿದ ತಾತ್ಕಾಲಿಕ ದಂಡನೆಯ ಮನ್ನಾ ಅದು. ಇಂಥ ಕೃತ್ಯಕ್ಕೆ ಪರವಾನಗಿಯಲ್ಲ. ಐರ್ಲೆಂಡಿನ ಪ್ರೊಟೆಸ್ಟೆಂಟ್ ಮನೆಯಲ್ಲಿ ಬೆಳೆದ ಲೇಖಕನ ಈ ತಪ್ಪನ್ನು ಕಥೆಯ ಮಟ್ಟಿಗೆ ಮನ್ನಿಸಬಹುದು. ಅದೇ ತಿಳಿವಳಿಕೆ ನಮ್ಮ ಮನೆಗಳಲ್ಲಿ ಕಂಡಾಗ ಸುಮ್ಮನಿರಲಾಗದು. ಸಿನಿಮಾ ನೋಡಿ ಹೆದರಿದ ಮಗನಿಗಾಗಿ ತಾಯಿಯೊಬ್ಬರು, “ಫಾದರ್, ದೆವ್ವ ಹತ್ತಿರ ಬರಬಾರದು, ಅಂಥ ಶಿಲುಬೆ ಮಂತ್ರಿಸಿ ಕೊಡಿ” ಎಂದರು. ಅವರು ಕೇಳಿದ್ದು ತಾಯತವನ್ನು. ನನಗೆ ಆ ಮುದುಕಿ ನೆನಪಾದಳು. “ನಿಮ್ಮ ಕೊರಳಿನದನ್ನೇ ಹಾಕಿ, ಅವನು ಮಲಗುವವರೆಗೆ ಪಕ್ಕದಲ್ಲಿ ಕುಳಿತು ಜಪಸರ ಮಾಡಿ” ಎಂದೆ. ಅವರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ.

ಸಿನಿಮಾ ನೋಡಿದವರಿಗೆ ಶಿಲುಬೆ ಎತ್ತಿ ಹಿಡಿಯುವ ದೃಶ್ಯ ಗೊತ್ತು. ಹಾರ್ಕರನ ಹೆಂಡತಿ ಮೀನಾ ಆಡುವ ಮಾತು ಪುಸ್ತಕ ಓದಿದವರಿಗೇ ದಕ್ಕುವುದು. ಪಿಶಾಚಿಯಿಂದ ಕೆಟ್ಟವಳು, ಹಣೆಯ ಮೇಲೆ ಸುಟ್ಟ ಗುರುತು ಹೊತ್ತವಳು ಆಕೆ. ಬೇಟೆಗೆ ಹೊರಟ ಗಂಡಸರಿಗೆ, ಅವನನ್ನು ಕೊಲ್ಲುವಾಗಲೂ ಅವನ ಮೇಲೆ ಕರುಣೆಯಿರಲಿ ಎಂದು ಬೇಡುತ್ತಾಳೆ. ಗಂಡ ಸಿಟ್ಟಿನಿಂದ, ಅವನ ಆತ್ಮ ನರಕದಲ್ಲೇ ಉರಿಯಲಿ ಎನ್ನುತ್ತಾನೆ. ಮುಂದೊಂದು ದಿನ ತನಗೂ ಅದೇ ಕರುಣೆ ಬೇಕಾದೀತೆಂದು ಮೀನಾ ಅವನನ್ನು ತಡೆಯುತ್ತಾಳೆ. ಕೊನೆಗೆ ಡ್ರಾಕುಲಾ ಸಾಯುವುದು ಎರಡು ಚೂರಿಗಳಿಂದ. ಮಣ್ಣಾಗುವ ಕ್ಷಣದಲ್ಲಿ ಅವನ ಮುಖದ ಮೇಲೆ ಶಾಂತಿ ಸುಳಿದದ್ದನ್ನು ದಿನಚರಿಯಲ್ಲಿ ಬರೆದಿಡುವವಳು ಮೀನಾಳೇ.