ಪಾಠದೊಡನೆ ಶೈಲಿಕಡತ: ಒಂದು ವಿಮರ್ಶೆ

ಓಲೆಯ ಪ್ರತಿಯಲ್ಲಿ ಪಾಠವೂ ಅದರ ವಿನ್ಯಾಸವೂ ಒಂದೇ ಗರಿಯ ಮೇಲಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಸಂಚರಿಸದು. ಗಣಕಯಂತ್ರದ ಅಕ್ಷರಜೋಡಣೆಯ ಸ್ಥಿತಿ ಬೇರೆ. ಡೊನಾಲ್ಡ್ ಕ್ನೂತ್ ಅವರ ಟೆಕ್ ವ್ಯವಸ್ಥೆಯನ್ನು ಆಧರಿಸಿ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ ರೂಪಿಸಿದ ಲೇಟೆಕ್‌ನಲ್ಲಿ ಗ್ರಂಥಪಾಠವು ಒಂದು ಕಡತದಲ್ಲಿಯೂ, ಅದನ್ನು ಪುಟಕ್ಕಿಳಿಸುವ ವಿಧಿಗಳು ಶೈಲಿಕಡತವೆಂಬ ಇನ್ನೊಂದರಲ್ಲಿಯೂ ಇರುತ್ತವೆ. ಸಂಪಾದಕನು ತಾನು ರಚಿಸಿದ ಶೈಲಿಕಡತವನ್ನು ಪಾಠದೊಡನೆಯೇ ಕಳುಹಿಸುವ ರೂಢಿ ಇದರಿಂದ ಹುಟ್ಟಿದೆ. ರೂಢಿ ಸಾಧುವಾದುದು, ಅದರ ಆಚರಣೆ ಮಾತ್ರ ಪರಿಶೀಲನಾರ್ಹವಾಗಿದೆ.

ಪಾಠಾಂತರಸಹಿತವಾದ ಸಂಪಾದನೆಗಳಿಗಾಗಿ ಎಡ್‌ಮ್ಯಾಕ್, ಅದರ ಪರಂಪರೆಯ ರೆಲೆಡ್‌ಮ್ಯಾಕ್ ಮೊದಲಾದ ಸಿದ್ಧಸಾಧನಗಳುಂಟು. ಇವುಗಳೊಡನೆ ಸಂಪಾದಕನು 'ಕ', 'ಗ', 'ಮ' ಮುಂತಾದ ಪ್ರತಿಸಂಕೇತಗಳನ್ನು ತನ್ನ ಶೈಲಿಕಡತದಲ್ಲಿ ನಿರೂಪಿಸಿಕೊಳ್ಳಬಹುದು. ಆ ಕಡತ ದೊರೆಯದಿದ್ದರೆ ಯಂತ್ರವು ದೋಷವನ್ನು ಸಾರಿ ನಿಲ್ಲುತ್ತದೆ, ಇದು ಅಲ್ಪಹಾನಿ. ಅದೇ ಹೆಸರಿನ ಹಳೆಯ ಕಡತವು ಮುದ್ರಕನಲ್ಲಿದ್ದರೆ ಜೋಡಣೆ ನಿರಾತಂಕವಾಗಿ ಸಾಗಿ, ಒಂದು ಪ್ರತಿಯ ಪಾಠವು ಮತ್ತೊಂದು ಪ್ರತಿಯ ಸಂಕೇತದಡಿ ಅಚ್ಚಾಗಬಹುದು. ಹಸ್ತಪ್ರತಿಯನ್ನು ಕಾಣದ ಓದುಗನಿಗೆ ಈ ದೋಷವನ್ನು ಅರಿಯುವ ದಾರಿಯಿಲ್ಲ.

ಶೈಲಿಕಡತವನ್ನು ಪಾಠದೊಳಗೇ ಅಡಕಗೊಳಿಸಿ, ಜೋಡಣೆಯ ವೇಳೆ ಹೊರತೆಗೆಯುವ 'ಫೈಲ್‌ಕಂಟೆಂಟ್ಸ್' ಎಂಬ ಏರ್ಪಾಡು ಲೇಟೆಕ್‌ನಲ್ಲಿದೆ. ಹೊರಬಂದ ಕಡತದ ಮೊದಲಿಗೆ, ಅದು ಯಾವ ಮೂಲದಿಂದ, ಯಾವ ದಿನ ಹುಟ್ಟಿತೆಂಬುದು ತಾನಾಗಿಯೇ ನಮೂದಾಗುತ್ತದೆ. ಇದು ಲಿಪಿಕಾರನ ಪುಷ್ಪಿಕೆಗೆ ಸಮಾನ. ಆದರೆ ಅದೇ ಹೆಸರಿನ ಕಡತವು ಮೊದಲೇ ಇದ್ದಲ್ಲಿ, ಎಚ್ಚರಿಕೆಯ ಒಂದು ಸಾಲನ್ನು ಬರೆದು ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ಅದರ ಬದಲು ಹೊಸದನ್ನು ಬರೆಯುವ ಆಯ್ಕೆ 2019ರಲ್ಲಿ ಸೇರಿತು. ಅದನ್ನೂ ಸಂಪಾದಕನೇ ಸ್ಪಷ್ಟವಾಗಿ ಸೂಚಿಸಬೇಕು.

ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಸರ್ವಸಾಮಾನ್ಯವಾದ ಶೈಲಿಕಡತವೊಂದನ್ನು ತಿದ್ದಿ, ಹೆಸರನ್ನು ಬದಲಿಸದೆ, ಪಾಠದೊಡನೆ ಇಡುವವರುಂಟು. ಟೆಕ್ ಸಾಮಾನ್ಯವಾಗಿ ಪಾಠವಿರುವ ಸ್ಥಳದಲ್ಲಿಯೇ ಮೊದಲು ಹುಡುಕುವುದರಿಂದ ತಿದ್ದಿದ ಪ್ರತಿಯೇ ಬಳಕೆಗೆ ಬರುತ್ತದೆ. ಅಲ್ಲಿಂದ ಅದು ಬೇರೆ ಗ್ರಂಥಗಳಿಗೂ ಹರಡುತ್ತದೆ. ಕವಿಯ ಅಂಕಿತವನ್ನು ಉಳಿಸಿ ಪದ್ಯವನ್ನು ಬದಲಿಸಿದಂತೆ ಇದೂ ಪ್ರಕ್ಷೇಪವೇ ಸರಿ. ಬದಲಿಸಿದ ವ್ಯವಸ್ಥೆಗೆ ಟೆಕ್ ಎಂಬ ಹೆಸರು ಸಲ್ಲದೆಂದು ಕ್ನೂತ್ ಅವರು ವಿಧಿಸಿರುವುದರ ಔಚಿತ್ಯ ಇಲ್ಲಿ ಮನಗಾಣುವಂತಿದೆ.

ಆದುದರಿಂದ ಶೈಲಿಕಡತವನ್ನು ಜೊತೆಗಿಟ್ಟ ಮಾತ್ರಕ್ಕೆ ಸಂಪಾದಕನ ಹೊಣೆ ತೀರದು. ಅದಕ್ಕೆ ಬೇರೆಲ್ಲಿಯೂ ಇಲ್ಲದ ಹೆಸರು, ಒಳಗೆ ದಿನಾಂಕ, ಏನನ್ನು ಬದಲಿಸಿದೆಯೆಂಬ ವಿವರ, ಬಳಸಿದ ಇತರ ಕಡತಗಳ ಪಟ್ಟಿ ಇವಿಷ್ಟು ಅವಶ್ಯ. ಹಸ್ತಪ್ರತಿಗಳ ವಿವರಣೆಯಲ್ಲಿ ವಿದ್ವಾಂಸರು ತೋರುವ ಎಚ್ಚರವೇ ಇಲ್ಲಿಯೂ ಸಲ್ಲತಕ್ಕದ್ದು.